ನಾಲ್ಕು ಡ್ರಮ್ ಕಟ್ಟಿದರೆ ಹತ್ತು ಜನ ತೇಲಬಹುದೇ? ಮೊದಲ ಸಲ ಪಾಂಟೂನ್ ದೋಣಿ ಮಾಡಿಸುವವರು ತಿಳಿದಿರಬೇಕಾದ್ದು

ನಾಲ್ಕು ಖಾಲಿ ಡ್ರಮ್, ಎರಡು ಪ್ಲೈವುಡ್ ಹಲಗೆ, ಒಂದಿಷ್ಟು ಕಬ್ಬಿಣದ ಪೈಪು. ದೋಣಿ ರೆಡಿ, ಹತ್ತು ಜನ ಆರಾಮಾಗಿ ಕೂರಬಹುದು! ಈ ಧಾಟಿಯ ವಿಡಿಯೊಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆರೆ ತುಂಬಿದ ವರ್ಷವಂತೂ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರಿಗೆ ಇದು ಬರೀ ನೋಡಿ ಬಿಡುವ ವಿಡಿಯೊ ಅಲ್ಲ. ಕೃಷಿ ಹೊಂಡದಲ್ಲಿ ಮೀನು ಬಿಟ್ಟವರಿಗೆ ಮೇವು ಹಾಕಲು, ಕೆರೆ ಗುತ್ತಿಗೆ ಹಿಡಿದವರಿಗೆ ಬಲೆ ಬಿಡಲು, ತೋಟದ ಮನೆಗೆ ಬರುವ ನೆಂಟರಿಗೆ ಒಂದು ಸುತ್ತು ಹಾಕಿಸಲು ಇಂಥದ್ದೊಂದು ಬೇಕು ಅನ್ನಿಸುವುದು ಸಹಜ. ಖರ್ಚೂ ಕಡಿಮೆ.

ಹಾಗಾದರೆ ವಿಡಿಯೊದಲ್ಲಿ ಹೇಳುವುದು ನಿಜವೇ? ಅರ್ಧ ನಿಜ. ನಾಲ್ಕು ಡ್ರಮ್ಮಿನ ಮೇಲೆ ಹತ್ತು ಜನ ತೇಲಬಹುದು. ಆದರೆ ಅವರಲ್ಲಿ ಯಾರೂ ಅಲ್ಲಾಡಬಾರದು.

ಮೊದಲು ಪಾಂಟೂನ್ ಎಂದರೇನು ನೋಡೋಣ. ಗಾಳಿ ತುಂಬಿದ, ಬಾಯಿ ಮುಚ್ಚಿದ ಕೊಳವೆಗಳನ್ನು ಎರಡು ಸಾಲಾಗಿ ಇಟ್ಟು, ಮೇಲೆ ಚಪ್ಪಟೆ ಅಟ್ಟ ಕಟ್ಟಿದರೆ ಅದೇ ಪಾಂಟೂನ್ ದೋಣಿ. ಅಮೆರಿಕದ ಮಿನ್ನೆಸೋಟಾದಲ್ಲಿ ಆಂಬ್ರೋಸ್ ವೀರ್ಸ್ ಎಂಬ ರೈತ 1950ರ ದಶಕದ ಆರಂಭದಲ್ಲಿ ಉಕ್ಕಿನ ಪೀಪಾಯಿಗಳ ಮೇಲೆ ಮರದ ಅಟ್ಟ ಕೂರಿಸಿ ಕೆರೆಗೆ ಬಿಟ್ಟದ್ದರಿಂದ ಇವತ್ತಿನ ಪಾಂಟೂನ್ ದೋಣಿಗಳ ಉದ್ಯಮ ಶುರುವಾಯಿತು. ಅಂದರೆ ಡ್ರಮ್ ದೋಣಿ ನಕಲಿ ಅಲ್ಲ, ಮೂಲ ಪಾಂಟೂನ್ ಅದೇ. ನಮ್ಮ ಕಡೆಯ ತೆಪ್ಪದ್ದೂ ಹೆಚ್ಚುಕಡಿಮೆ ಇದೇ ತತ್ವ.

ಹತ್ತು ಜನರ ಲೆಕ್ಕ ಎಲ್ಲಿ ತಪ್ಪುತ್ತದೆ?

ಒಂದು ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ತತ್ವ. ಒಂದು ಲೀಟರ್ ನೀರು ಒಂದು ಕಿಲೊ. ಹಾಗಾಗಿ 200 ಲೀಟರಿನ ಡ್ರಮ್ ಪೂರ್ತಿ ಮುಳುಗಿದರೆ 200 ಕಿಲೊ ಹೊರುತ್ತದೆ, ನಾಲ್ಕು ಡ್ರಮ್ 800 ಕಿಲೊ. ಪ್ಲಾಸ್ಟಿಕ್ ಡ್ರಮ್ಮಿನ ತೂಕ ಸುಮಾರು 9 ಕಿಲೊ, ನಾಲ್ಕಕ್ಕೆ 36. ಎಂಟು ಅಡಿಗೆ ಆರು ಅಡಿಯ ಪ್ಲೈವುಡ್ ಅಟ್ಟ, ಪೈಪಿನ ಚೌಕಟ್ಟು, ಕಂಬಿ ಎಲ್ಲ ಸೇರಿ 120 ಕಿಲೊ ಎಂದುಕೊಳ್ಳಿ. ಉಳಿಯುವುದು 644 ಕಿಲೊ. 64 ಕಿಲೊದ ಹತ್ತು ಜನ! ವಿಡಿಯೊದವರ ಗುಣಾಕಾರ ಸರಿ, ಆದರೆ ಆಗ ಡ್ರಮ್ಮುಗಳು ನೆತ್ತಿಯವರೆಗೂ ನೀರಲ್ಲಿರುತ್ತವೆ. ಹನ್ನೊಂದನೆಯವನು ಹತ್ತಿದರೆ ಮುಳುಗಿತು.

ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಡ್ರಮ್ಮುಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಇರುತ್ತವೆ. ಒಂದು ಬದಿಯ ಸಾಲು ಹೊರಬಲ್ಲದ್ದು 400 ಕಿಲೊ ಮಾತ್ರ. ಅದರ ಪಾಲಿಗೆ ಬರುವ ಅಟ್ಟ, ಡ್ರಮ್ಮಿನ ತೂಕವೇ 78 ಕಿಲೊ. ಈಗ ಎಲ್ಲರೂ ಆ ಬದಿಗೆ ಬಂದರು ಎಂದಿಟ್ಟುಕೊಳ್ಳಿ. 65 ಕಿಲೊದ ಮೂವರಾದರೆ 273 ಕಿಲೊ, ಡ್ರಮ್ ತಡೆದುಕೊಳ್ಳುತ್ತದೆ. ನಾಲ್ವರಾದರೆ 338, ದೋಣಿ ಜೋರಾಗಿ ವಾಲುತ್ತದೆ. ಐವರಾದರೆ 403. ಆ ಸಾಲು ಪೂರ್ತಿ ಮುಳುಗಿ, ಎದುರಿನ ಸಾಲು ಮೇಲೆದ್ದು, ದೋಣಿ ಮಗುಚುತ್ತದೆ. ಒಟ್ಟು ತೂಕ ಮಿತಿಯೊಳಗೇ ಇದ್ದರೂ!

ಒಂದೇ ಬದಿಗೆ ಜನ ಯಾಕೆ ಬರುತ್ತಾರೆ? ಸೆಲ್ಫಿಗೆ. ಬಲೆಯಲ್ಲಿ ದೊಡ್ಡ ಮೀನು ಬಿದ್ದಾಗ. ನೀರಿಗೆ ಬಿದ್ದ ಚಪ್ಪಲಿ ಎತ್ತಲು. ಹಾವು ಕಂಡಾಗ. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಪ್ರವಾಸಿ ದೋಣಿ ಮಗುಚಿ 45 ಜನ ತೀರಿಕೊಂಡರು. ದಡದಲ್ಲಿದ್ದ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ನುಗ್ಗಿದ್ದನ್ನು ಆಗಿನ ವರದಿಗಳು ಹೇಳಿದ್ದವು. ಅದು ಎರಡು ಅಂತಸ್ತಿನ ದೋಣಿ. ಡ್ರಮ್ ದೋಣಿಗೆ ಮೇಲೊಂದು ಅಟ್ಟ ಕಟ್ಟಿಸುವ ಯೋಚನೆ ಇದ್ದವರು ಈಗಲೇ ಬಿಡುವುದು ಒಳ್ಳೆಯದು. ತೂಕ ಮೇಲಕ್ಕೆ ಹೋದಷ್ಟೂ ಮಗುಚುವುದು ಸುಲಭ.

ಹಾಗಾಗಿ ಡ್ರಮ್ಮುಗಳ ಒಟ್ಟು ಸಾಮರ್ಥ್ಯದ ಅರ್ಧದಷ್ಟನ್ನು ಮಾತ್ರ, ಅದೂ ಅಟ್ಟದ ತೂಕ ಸೇರಿಸಿ, ಬಳಸುವುದು ಸುರಕ್ಷಿತ. ನಾಲ್ಕು ಡ್ರಮ್ಮಿಗೆ ಮೂವರು. ಐದಾರು ಜನ ಹೋಗಲೇಬೇಕಿದ್ದರೆ ಎಂಟು ಡ್ರಮ್ ಹಾಕಿ. ಎರಡು ಸಾಲುಗಳ ನಡುವೆ ಅಂತರ ಹೆಚ್ಚಿಸಿ, ಅಟ್ಟವನ್ನು ಡ್ರಮ್ಮಿನಿಂದ ಆಚೆಗೆ ಚಾಚಬೇಡಿ. ಚಾಚಿದ ತುದಿಯಲ್ಲಿ ನಿಂತವನು ಸನ್ನೆಗೋಲು ಹಾಕಿದಂತೆ ದೋಣಿಯನ್ನು ಎತ್ತಿ ಹಾಕುತ್ತಾನೆ.

ಡ್ರಮ್ಮಿನ ಬಗ್ಗೆ ಹರಿದಾಡುವ ಮಾತುಗಳು

"ಒಳಗೆ ಥರ್ಮೊಕೋಲ್ ತುಂಬಿದರೆ ಜಾಸ್ತಿ ತೂಕ ಹೊರುತ್ತದೆ" ಎನ್ನುವುದು ಸುಳ್ಳು. ತೇಲಿಸುವುದು ಡ್ರಮ್ಮಿನ ಹೊರಗಾತ್ರ, ಒಳಗಿರುವ ವಸ್ತುವಲ್ಲ. ಥರ್ಮೊಕೋಲ್‌ನಿಂದ ಎರಡು ಮೂರು ಕಿಲೊ ತೂಕ ಹೆಚ್ಚೇ ಆಗುತ್ತದೆ. ಆದರೂ ತುಂಬಿ ಎನ್ನುತ್ತೇವೆ, ಕಾರಣ ಬೇರೆ: ಡ್ರಮ್ ಒಡೆದರೆ ನೀರಿಗೆ ಒಳಗೆ ಜಾಗ ಇರುವುದಿಲ್ಲ. "ಹೀಲಿಯಂ ತುಂಬಿ" ಎನ್ನುವವರೂ ಇದ್ದಾರೆ. 200 ಲೀಟರ್ ಗಾಳಿಯ ತೂಕವೇ ಸುಮಾರು 240 ಗ್ರಾಂ. ಹೀಲಿಯಂ ಹಾಕಿ ಗಳಿಸುವುದು ಅಷ್ಟೂ ಇಲ್ಲ, ಒಂದು ಲೋಟ ಕಾಫಿಯ ತೂಕ.

ಗಟ್ಟಿಯಾಗಿ ಮುಚ್ಚಳ ತಿರುಗಿಸಿದರೂ ಕೆಲವು ತಿಂಗಳಿಗೆ ಡ್ರಮ್ಮಿನಲ್ಲಿ ನೀರು ಸೇರಿರುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿಯಿಂದ ಸ್ವಲ್ಪ ಹೊರಹೋಗುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗಿ ಹೊರಗಿನದ್ದನ್ನು ಎಳೆದುಕೊಳ್ಳುತ್ತದೆ. ಮುಚ್ಚಳ ನೀರಿನೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ಆದ್ದರಿಂದ ಮುಚ್ಚಳ ಮೇಲ್ಬದಿಗೆ ಬರುವಂತೆ ಕೂರಿಸಿ, ಸುರುಳಿಗೆ ಪ್ಲಂಬರ್ ಟೇಪ್ ಸುತ್ತಿ, ಮೇಲೆ ಸಿಲಿಕೋನ್ ಬಳಿಯಿರಿ. ತಿಂಗಳಿಗೊಮ್ಮೆ ದಡಕ್ಕೆ ಎಳೆದು ಅಲ್ಲಾಡಿಸಿ ನೋಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಥಿನ್ನರ್, ಪೆಟ್ರೋಲ್, ಆಯಿಲ್ ತುಂಬಿದ್ದ ಕಬ್ಬಿಣದ ಡ್ರಮ್ಮನ್ನು "ಖಾಲಿ ಇದೆಯಲ್ಲ" ಎಂದು ವೆಲ್ಡಿಂಗ್ ಮಾಡಿಸಬೇಡಿ. ಒಳಗೆ ಉಳಿದ ಆವಿಗೆ ಕಿಡಿ ತಾಗಿದರೆ ಅದು ಬಾಂಬಿನಂತೆ ಸಿಡಿಯುತ್ತದೆ. ಪ್ಲಾಸ್ಟಿಕ್ ಡ್ರಮ್ಮನ್ನು ಪಟ್ಟಿ, ಬೋಲ್ಟ್ ಹಾಕಿ ಬಿಗಿಯುವುದೇ ಸರಿ. ಕೀಟನಾಶಕ ಅಥವಾ ಆಸಿಡ್ ಇದ್ದ ಡ್ರಮ್ ಬೇಡ. ಮೀನು ಸಾಯುವುದಷ್ಟೇ ಅಲ್ಲ, ತುಮಕೂರಿಗೆ ಹೇಮಾವತಿ ನೀರು ಕೊಡುವ ಬುಗುಡನಹಳ್ಳಿ ಕೆರೆಯಂತೆ ಎಷ್ಟೋ ಕೆರೆಗಳ ನೀರನ್ನು ಜನ ಕುಡಿಯುತ್ತಾರೆ. ಆಹಾರ ಪದಾರ್ಥ ತುಂಬಿದ್ದ ಡ್ರಮ್ ಕೇಳಿ ತನ್ನಿ.

ಮೋಟಾರು ಬೇಕೇ ಬೇಕು ಎಂದರೆ 12 ವೋಲ್ಟಿನ ಎಲೆಕ್ಟ್ರಿಕ್ ಮೋಟಾರು ಸಾಕು. ಪೂರ್ತಿ ವೇಗದಲ್ಲಿ ಅದು ಸುಮಾರು 50 ಆಂಪಿಯರ್ ಎಳೆಯಬಹುದು. 100 ಆಂಪಿಯರ್-ಗಂಟೆಯ ಸಾಮಾನ್ಯ ಬ್ಯಾಟರಿಯನ್ನು ಹಾಳಾಗದಂತೆ ಅರ್ಧ ಮಾತ್ರ ಬಳಸಿದರೆ ಒಂದು ಗಂಟೆ ಓಡುತ್ತದೆ. ಬ್ಯಾಟರಿ 25ರಿಂದ 30 ಕಿಲೊ ಇರುತ್ತದೆ, ಅದನ್ನೂ ತೂಕದ ಲೆಕ್ಕಕ್ಕೆ ಸೇರಿಸಿ. ಮೋಟಾರಿದ್ದರೂ ಎರಡು ಹುಟ್ಟು ದೋಣಿಯಲ್ಲಿರಲಿ. ಆಷಾಢದ ಗಾಳಿಗೆ ಚಪ್ಪಟೆ ದೋಣಿ ಹಾಯಿಯಂತೆ ತಳ್ಳಿಸಿಕೊಂಡು ಹೋಗುತ್ತದೆ, ಶಾಮಿಯಾನ ಕಟ್ಟಿದ್ದರೆ ಇನ್ನೂ ಜೋರಾಗಿ. ಹೋಗುವಾಗ ಗಾಳಿಗೆ ಎದುರಾಗಿ ಹೋದರೆ ಬರುವಾಗ ಸುಲಭ.

ಕೆರೆ ಎಲ್ಲ ಕಡೆ ಒಂದೇ ಅಲ್ಲ

ಕುಣಿಗಲ್ ದೊಡ್ಡಕೆರೆ, ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ತುಮಕೂರಿನ ಅಮಾನಿಕೆರೆ ಎಲ್ಲವೂ ಏರಿ ಕಟ್ಟಿ ನಿಲ್ಲಿಸಿದ ನೀರು. ಇಂಥ ಕೆರೆಯಲ್ಲಿ ಆಳ ಇರುವುದು ನಡುವೆ ಅಲ್ಲ, ಏರಿಯ ಕಡೆ. ಹಿಂಬದಿಯ ಅಂಗಳ ತೆಳು. ಆದರೆ ಅಂಗಳದಲ್ಲಿ ಮಣ್ಣು ತೆಗೆದ ಜೆಸಿಬಿ ಗುಂಡಿಗಳಿದ್ದರೆ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳುದ್ದ ಆಗುತ್ತದೆ. ಜಾಲಿ ಮರದ ಮೋಟುಗಳು ನೀರಿನಡಿ ನಿಂತಿದ್ದರೆ ಡ್ರಮ್ ಸೀಳುತ್ತವೆ. ದೋಣಿ ಬಿಡುವ ಆಸೆ ಇದ್ದವರು ಬೇಸಿಗೆಯಲ್ಲಿ ನೀರು ಇಳಿದಾಗ ಒಮ್ಮೆ ಅಂಗಳದಲ್ಲಿ ನಡೆದು ನೋಡಿ. ಬೇಸಾಯ ಮಾಡುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋದರೆ ಯಾವ ಮ್ಯಾಪಿಗಿಂತ ಚೆನ್ನಾಗಿ ತೋರಿಸುತ್ತಾರೆ.

ತೂಬಿನ ಹತ್ತಿರ ದೋಣಿಯೂ ಬೇಡ, ಈಜೂ ಬೇಡ. ನಾಲ್ಕು ಮೀಟರ್ ಆಳದಲ್ಲಿ ಒಂದು ಚದರ ಮೀಟರಿಗೆ ನಾಲ್ಕು ಟನ್ ನೀರಿನ ಒತ್ತಡ ಇರುತ್ತದೆ. ತೂಬಿನ ಬಾಯಿ ಒಂದು ಅಡಿ ಚೌಕದಷ್ಟೇ ಇದ್ದರೂ, ಅದಕ್ಕೆ ಸಿಕ್ಕಿಬಿದ್ದ ದೇಹವನ್ನು 360 ಕಿಲೊ ಬಲ ಹಿಡಿದಿಟ್ಟಿರುತ್ತದೆ. "ಕೆರೆಯಮ್ಮ ಎಳೆದುಕೊಂಡಳು" ಎನ್ನುವ ಕೆಲವು ಕತೆಗಳ ಹಿಂದೆ ಇರುವುದು ಇದೇ ಇರಬಹುದು. ಕೋಡಿ ಹರಿಯುವಾಗಲೂ ಅತ್ತ ಸುಳಿಯಬೇಡಿ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಇನ್ನೊಂದು ವಿಶೇಷ: ಅಲ್ಲಿರುವುದು ತಾನಾಗಿಯೇ ಕೆಲಸ ಮಾಡುವ ಸೈಫನ್. ನೀರು ಒಂದು ಮಟ್ಟ ಮೀರಿದರೆ ಯಾರೂ ಗೇಟು ಎತ್ತದಿದ್ದರೂ ಹೆಚ್ಚುವರಿ ನೀರು ಧುಮ್ಮಿಕ್ಕುತ್ತದೆ. ಯಾರೋ ಬಂದು ಎಚ್ಚರಿಸುತ್ತಾರೆ ಎಂದು ಕಾಯುವಂತಿಲ್ಲ.

ಕೃಷಿ ಹೊಂಡ ಚಿಕ್ಕದು ಎಂದು ಸದರ ಬೇಡ. ಪ್ಲಾಸ್ಟಿಕ್ ಹಾಸಿದ ಇಳಿಜಾರು ಒದ್ದೆಯಾದರೆ ಈಜು ಬಲ್ಲವರೂ ಹತ್ತಿ ಬರಲಾರರು. ಗಂಟು ಹಾಕಿದ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ನಾಲ್ಕೂ ಬದಿಯಿಂದ ಒಳಕ್ಕೆ ಇಳಿಬಿಟ್ಟಿರಿ, ಸುತ್ತ ಬೇಲಿ ಹಾಕಿ.

ಲೈಫ್ ಜಾಕೆಟ್ ವಿಷಯದಲ್ಲಿ "ನನಗೆ ಈಜು ಬರುತ್ತೆ" ಎನ್ನುವುದು ಉತ್ತರವಲ್ಲ. ಮಗುಚುವಾಗ ಚೌಕಟ್ಟು ತಲೆಗೆ ಬಡಿಯಬಹುದು, ಬಲೆ ಕಾಲಿಗೆ ಸುತ್ತಬಹುದು. ಮನುಷ್ಯನ ದೇಹ ಹೆಚ್ಚುಕಡಿಮೆ ನೀರಿನಷ್ಟೇ ಭಾರ ಇರುವುದರಿಂದ ಹತ್ತು ಕಿಲೊ ಎತ್ತುವ, ಅಂದರೆ 100 ನ್ಯೂಟನ್ ಎಂದು ನಮೂದಿಸಿದ ಜಾಕೆಟ್ ಸಾಕು. ಮಕ್ಕಳಿಗೆ ಅವರ ಅಳತೆಯದ್ದೇ ಬೇಕು, ದೊಡ್ಡದಾದರೆ ಜಾಕೆಟ್ ಮೇಲೆ ತೇಲಿ ಮಗು ಕೆಳಗೆ ಜಾರುತ್ತದೆ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಹೆಚ್ಚಿನವರಿಗೆ ಜಾಕೆಟ್ ಹಾಕಿರಲಿಲ್ಲ.

ಅನುಮತಿ ಯಾರದು?

ನಿಮ್ಮದೇ ಹೊಂಡವಾದರೆ ಪ್ರಶ್ನೆ ಇಲ್ಲ. ಕೆರೆ ನಿಮ್ಮದಲ್ಲ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯವು, ಚಿಕ್ಕವು ಪಂಚಾಯ್ತಿ ವ್ಯವಸ್ಥೆಯವು. ಮೀನಿನ ಗುತ್ತಿಗೆ ಇದ್ದರೂ ಟಿಕೆಟ್ ಹಾಕಿ ಜನರನ್ನು ಕೂರಿಸುವ ಹಕ್ಕು ಅದರ ಜೊತೆಗೆ ಬರುವುದಿಲ್ಲ. ಮೋಟಾರು ಕೂರಿಸಿದರೆ 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯನ್ನೂ ನೋಡಬೇಕು, ಯಾಂತ್ರಿಕ ದೋಣಿಗೆ ಅದು ತಪಾಸಣೆ, ನೋಂದಣಿ, ವಿಮೆ ಕೇಳುತ್ತದೆ. ಬರೀ ಮೀನು ಹಿಡಿಯಲು ಬೇಕೆಂದರೆ, ನಮ್ಮ ಅಭಿಪ್ರಾಯದಲ್ಲಿ, ಡ್ರಮ್ ಕಟ್ಟುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ ಫೈಬರ್ ಹರಿಗೋಲಿಗೆ ಸಹಾಯಧನ ಇದೆಯೇ ಕೇಳಿ. ಎರಡು ಮೀಟರ್ ಅಗಲದ ಹರಿಗೋಲು 200 ಕಿಲೊ ಹೊತ್ತರೂ ಆರೇಳು ಸೆಂಟಿಮೀಟರ್ ಮಾತ್ರ ಮುಳುಗುತ್ತದೆ, ಜೊಂಡು, ಅಂತರಗಂಗೆ ತುಂಬಿದ ತೆಳು ನೀರಿನಲ್ಲೂ ಸಾಗುತ್ತದೆ.

ಯಾರಾದರೂ ಮುಳುಗಿದರೆ

ಹಿಂದೆಯೇ ಹಾರಬೇಡಿ. ಮುಳುಗುವವರು ಸಿಕ್ಕಿದ್ದನ್ನು ತಬ್ಬಿ ಹಿಡಿಯುತ್ತಾರೆ, ಇಬ್ಬರೂ ಹೋಗುತ್ತೀರಿ. ಹಗ್ಗ, ಪಂಚೆ, ಸೀರೆ, ಬಾಯಿ ಮುಚ್ಚಿದ ಖಾಲಿ ನೀರಿನ ಕ್ಯಾನ್ ಏನಾದರೂ ಎಸೆಯಿರಿ. ಒಬ್ಬರು 112ಕ್ಕೆ ಕರೆ ಮಾಡಲಿ.

ಇನ್ನು "ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಕೆಲವು ಗಂಟೆಯಲ್ಲಿ ಜೀವ ಬರುತ್ತದೆ" ಎಂಬ ಸಂದೇಶ. ಇದನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೆತ್ತವರು ಮಕ್ಕಳ ದೇಹಗಳನ್ನು ಉಪ್ಪಿನ ರಾಶಿಯಲ್ಲಿಟ್ಟು ಗಂಟೆಗಟ್ಟಲೆ ಕಾದರು. ಯಾರೂ ಏಳಲಿಲ್ಲ. ಉಪ್ಪಿಗೆ ಆ ಶಕ್ತಿ ಇಲ್ಲ. ಈ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಹೇಳಿ. ಅದನ್ನು ನಂಬಿದ ಮನೆಯವರು ಕಳೆದುಕೊಳ್ಳುವುದು ಉಸಿರು ಮರಳಿಸಬಹುದಾದ ಆ ಕೆಲವೇ ನಿಮಿಷಗಳನ್ನು.

ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಹೊರಹಾಕುವುದೂ ಬೇಡ. ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಾಟ ನಿಂತಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು ಬಾಯಿಂದ ಬಾಯಿಗೆ ಉಸಿರು ಕೊಡಿ. ಮುಳುಗಿದವರಿಗೆ ಮೊದಲು ಬೇಕಾದ್ದು ಇದೇ. ನಂತರ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಬಲವಾಗಿ ಒತ್ತಿ, ಮತ್ತೆ ಎರಡು ಉಸಿರು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಎಚ್ಚರವಾಗಿ ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.