ಹಿತ್ತಾಳೆಯ ಹದ

ಬೆಂಗಳೂರಿನ ಉತ್ತರಭಾಗದ ಯಲಹಂಕದಲ್ಲಿ ನೆಲೆಸಿರುವ ಪರಿಚಿತ ಗೃಹಸ್ಥರೊಬ್ಬರು ಕೆಲವು ತಿಂಗಳುಗಳ ಹಿಂದೆ ನನ್ನಲ್ಲಿಗೆ ಬಂದು ಒಂದು ಪದವನ್ನು ಕೇಳಿದರು. ಅವರು ವಿದೇಶದಲ್ಲಿ ಬಹುಕಾಲವಿದ್ದು ಕೋವಿಯಿಂದ ಗುರಿಹೊಡೆಯುವ ಕ್ರೀಡೆಯನ್ನು ಅಭ್ಯಾಸಮಾಡಿದವರು. ಅಲ್ಲಿಯ ಕ್ರೀಡಾಪಟುಗಳು ಹಾರಿಸಿದ ತೋಟಾಗಳ ಹಿತ್ತಾಳೆಯ ಕೋಶಗಳನ್ನು ಎತ್ತಿಟ್ಟುಕೊಂಡು, ಮನೆಯಲ್ಲಿಯೇ ಅವುಗಳ ಕೊರಳನ್ನು ಬೆಂಕಿಯಲ್ಲಿ ಕಾಯಿಸಿ ಮೆದುಗೊಳಿಸಿ ಪುನಃ ಬಳಸುತ್ತಾರಂತೆ. ಈ ಕಾಯಿಸುವಿಕೆಗೆ ಕನ್ನಡದಲ್ಲಿ ಏನೆನ್ನಬೇಕೆಂಬುದು ಅವರ ಪ್ರಶ್ನೆ. ನಾನು ಹಿಂದುಮುಂದು ನೋಡದೆ ‘ನಿರ್ವಾಪ’ವೆಂದು ಹೇಳಿಬಿಟ್ಟೆನು. ಆ ಉತ್ತರವು ತಪ್ಪು. ಅದೇ ತಪ್ಪನ್ನು ಪಾಠಶಾಲೆಯಲ್ಲಿ ಅನೇಕ ವರ್ಷ ಶಿಷ್ಯರಿಗೂ ಬೋಧಿಸಿರುವೆನಾದುದರಿಂದ, ವಿದ್ವಾಂಸರ ಸಮಕ್ಷದಲ್ಲಿ ಅದನ್ನು ತಿದ್ದಿಕೊಳ್ಳುವುದು ನನ್ನ ಕರ್ತವ್ಯವಾಗಿದೆ. ನಮ್ಮ ದೇಶದಲ್ಲಿ 1959ರ ಆಯುಧ ಅಧಿನಿಯಮದ ಮೇರೆಗೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ನಿಷಿದ್ಧ. ಪ್ರಕೃತ ವಿಚಾರವು ಲೋಹಕ್ಕೂ ಶಬ್ದಕ್ಕೂ ಮಾತ್ರ ಸಂಬಂಧಿಸಿದುದು.

ಮೊದಲು ಕ್ರಿಯೆಯ ಸ್ವರೂಪವನ್ನು ನೋಡೋಣ. ತೋಟಾದ ಕೋಶವು ನೂರಕ್ಕೆ ಸುಮಾರು 70 ಭಾಗ ತಾಮ್ರವೂ 30 ಭಾಗ ಸತುವೂ ಕೂಡಿದ ಹಿತ್ತಾಳೆ. ಹಾರಿಸಿದಾಗ ಅದರ ಕೊರಳು ಹಿಗ್ಗುತ್ತದೆ. ಪುನಃ ಬಳಸಲು ಅದನ್ನು ಅಚ್ಚಿಗೆ ಒತ್ತಿ ಕುಗ್ಗಿಸಬೇಕು. ಹೀಗೆ ಹಿಗ್ಗಿ ಕುಗ್ಗಿದಂತೆಲ್ಲ ಲೋಹವು ಗಡಸಾಗುತ್ತ ಬಂದು ಕಡೆಗೆ ಕೊರಳು ಸೀಳುತ್ತದೆ. ಇದಕ್ಕೆ ಪರಿಹಾರವು ಬೆಂಕಿ. ಆದರೆ ಮೆದುವಾಗಬೇಕಾದುದು ಕೊರಳು ಮಾತ್ರ. ಸ್ಫೋಟದ ಒತ್ತಡವನ್ನು ತಾಳುವ ಬುಡವು ಗಡಸಾಗಿಯೇ ಉಳಿಯಬೇಕು. ಅದು ಮೆದುವಾದರೆ ಹಾರಿಸುವವನಿಗೇ ಅಪಾಯ. ಆದುದರಿಂದ ಹಳೆಯ ಕ್ರಮದಲ್ಲಿ ಕೋಶಗಳನ್ನು ಬುಡ ಮುಳುಗುವಷ್ಟು ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ, ಕೊರಳಿಗೆ ಉರಿ ಹಿಡಿದು, ಕಾದೊಡನೆ ನೀರಿಗೆ ಉರುಳಿಸುತ್ತಿದ್ದರು. ಇಲ್ಲಿ ನೀರಿನ ಕೆಲಸವು ಬಿಸಿಯು ಬುಡಕ್ಕೆ ಇಳಿಯದಂತೆ ತಡೆಯುವುದು ಮಾತ್ರ. ಕೊರಳನ್ನು ಮೆದುಮಾಡಿದುದು ಬೆಂಕಿಯೇ. ಗಾಳಿಯಲ್ಲಿ ತಾನಾಗಿ ಆರಿದರೂ ಕೊರಳು ಅಷ್ಟೇ ಮೆದುವಾಗಿರುತ್ತದೆ.

ನನ್ನ ಭ್ರಾಂತಿಯ ಮೂಲವು ಇಲ್ಲಿಯೇ ಇದೆ. ಅಮರಕೋಶದಲ್ಲಿ ಹಿತ್ತಾಳೆಗೆ ‘ರೀತಿ’, ‘ಆರಕೂಟ’ ಎಂಬ ಹೆಸರುಗಳಿವೆ. ವಾಗ್ಭಟನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರಸರತ್ನಸಮುಚ್ಚಯವು ಪಿತ್ತಲವನ್ನು ರೀತಿಕಾ, ಕಾಕತುಂಡೀ ಎಂದು ಎರಡಾಗಿ ವಿಭಾಗಿಸಿ ಪರೀಕ್ಷಾಕ್ರಮವನ್ನು ಹೇಳುತ್ತದೆ: ಕಾಯಿಸಿ ಕಾಂಜಿಕದಲ್ಲಿ, ಎಂದರೆ ಹುಳಿಗಂಜಿಯಲ್ಲಿ, ಅದ್ದಿದಾಗ ತಾಮ್ರದ ಬಣ್ಣ ತಾಳುವುದು ರೀತಿಕಾ, ಕಪ್ಪಾಗುವುದು ಕಾಕತುಂಡೀ. ಕಾದ ಲೋಹವನ್ನು ದ್ರವಕ್ಕೆ ಹಾಕುವ ಕ್ರಿಯೆಗೆ ಆ ಶಾಸ್ತ್ರದಲ್ಲಿ ನಿರ್ವಾಪವೆಂದು ಸಂಜ್ಞೆ. ಈ ಪ್ರಕರಣಕ್ಕೆ ಅರ್ಥ ಹೇಳುವಾಗಲೆಲ್ಲ ನಾನು, ಅದ್ದುವುದರಿಂದ ಹಿತ್ತಾಳೆಯು ಗಟ್ಟಿಯಾಗುತ್ತದೆಂದು ಸೇರಿಸುತ್ತಿದ್ದೆನು. ಗ್ರಂಥಕಾರನಾದರೋ ಬಣ್ಣವನ್ನು ಮಾತ್ರ ಹೇಳಿದ್ದಾನೆ. ಗಡಸುತನದ ಮಾತನ್ನೇ ಎತ್ತಿಲ್ಲ. ಕಾದಾಗ ಮೇಲ್ಮೈಯ ಸತುವು ತಾಮ್ರಕ್ಕಿಂತ ಬೇಗ ಸುಟ್ಟು ಬೂದಿಯಾಗುತ್ತದೆ. ಹುಳಿಯು ಆ ಬೂದಿಯನ್ನು ತೊಳೆಯಲು ಒಳಗಿನ ತಾಮ್ರದ ಕೆಂಪು ತೋರುತ್ತದೆ. ಮೂಲದಲ್ಲಿಲ್ಲದ ಅರ್ಥವನ್ನು ಅದಕ್ಕೆ ಹೊರಿಸಿದವನು ನಾನೇ.

ಹೊರಿಸಲು ಕಾರಣ ಕಬ್ಬಿಣ. ಬೃಹತ್ಸಂಹಿತೆಯ ಖಡ್ಗಲಕ್ಷಣಾಧ್ಯಾಯದಲ್ಲಿ ಕತ್ತಿಗೆ ನಾನಾ ದ್ರವಗಳ ‘ಪಾನ’ವನ್ನು ಕೊಡುವ ವಿಧಿಗಳಿವೆ. ಉಕ್ಕನ್ನು ಕೆಂಪಗೆ ಕಾಯಿಸಿ ಒಮ್ಮೆಲೆ ತಣಿಸಿದರೆ ಗಡಸಾಗುವುದು ಪ್ರತ್ಯಕ್ಷಸಿದ್ಧ. ಹೆಬ್ಬಾಳದಲ್ಲಿ 2018ರಲ್ಲಿ ದೊರೆತ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲಿನಿಂದ ಹಿಡಿದು ನಮ್ಮ ನಾಡಿನ ವೀರಸ್ಮರಣೆಯೆಲ್ಲ ಆ ಕಬ್ಬಿಣದ ಯುಗಕ್ಕೆ ಸೇರಿದುದು. ಶಸ್ತ್ರವೆಂದೊಡನೆ ನಮ್ಮ ಮನಸ್ಸು ಕಮ್ಮಾರನ ಕುಲುಮೆಗೆ ಹೋಗುವುದು ಸಹಜ. ಆದರೆ ಹಿತ್ತಾಳೆಯ ಧರ್ಮವೇ ಬೇರೆ. ಅದನ್ನು ಗಡಸು ಮಾಡುವುದು ಸುತ್ತಿಗೆಯ ಪೆಟ್ಟು, ಮೆದುಮಾಡುವುದು ಬೆಂಕಿ, ನೀರು ಉದಾಸೀನ. ಪೆಟ್ಟಿನಿಂದ ನಲುಗಿದ ಲೋಹದ ಸೂಕ್ಷ್ಮ ಸ್ಫಟಿಕಗಳು ಕಾದಾಗ ಹೊಸದಾಗಿ ಹುಟ್ಟಿಕೊಳ್ಳುತ್ತವೆಂದು ಈಗಿನ ಲೋಹಶಾಸ್ತ್ರಜ್ಞರು ಕಾರಣ ಹೇಳುತ್ತಾರೆ.

ಈ ತತ್ತ್ವದ ಅಲಕ್ಷ್ಯವು ಬ್ರಿಟಿಷ್ ಸೇನೆಗೆ ಭಾರತದಲ್ಲಿಯೇ ದಂಡ ತೆರುವಂತೆ ಮಾಡಿತು. ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇರಿಸಿದ್ದ ತೋಟಾಗಳು ಯಾರೂ ಮುಟ್ಟದೆಯೇ ಬಿರುಕುಬಿಡುತ್ತಿದ್ದುವು. ಋತುವನ್ನು ಅನುಸರಿಸಿ ಬರುವುದರಿಂದ ಅದನ್ನು ಋತುಬಿರುಕೆಂದೇ ಕರೆದರು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಇದರ ಕಾರಣವನ್ನು ವಿವರಿಸಿದರು: ಕೋಶವನ್ನು ಅಚ್ಚಿನಲ್ಲಿ ಎಳೆದಾಗ ಲೋಹದಲ್ಲಿ ಉಳಿದ ಒಳಬಿಗಿಯೂ, ಕುದುರೆಗಳ ಮೂತ್ರದಿಂದ ಏಳುವ ಅಮೋನಿಯವೂ ಕೂಡಿ ಲೋಹವನ್ನು ಸೀಳುತ್ತವೆ. ಹದವಾಗಿ ಕಾಯಿಸಿ ಒಳಬಿಗಿಯನ್ನು ಸಡಿಲಿಸಿದರೆ ಬಿರುಕಿಲ್ಲ.

ಇಲ್ಲಿ ಕಾಲನಿರ್ಣಯದ ವಿಷಯವಾಗಿ ಒಂದು ಮಾತು. ಈ ಬಿರುಕುಗಳು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಕಂಡುವೆಂದು ಅಲ್ಲಲ್ಲಿ ಬರೆದಿರುವುದುಂಟು. ಅದು ಸಲ್ಲದು. ಬೆಂಗಳೂರಿನ ದಂಡು 1809ರಲ್ಲಿ ಸ್ಥಾಪಿತವಾದಾಗ ಸಿಪಾಯಿಯ ತೋಟಾ ಕಾಗದದ್ದು. 1857ರಲ್ಲಿಯೂ ಕಾಗದದ್ದೇ; ಹಲ್ಲಿನಿಂದ ಕಚ್ಚಿ ಹರಿಯಬೇಕಾದ, ಕೊಬ್ಬು ಸವರಿದ ಆ ಕಾಗದದಿಂದಲೇ ದಂಗೆಯ ಕಿಡಿ ಹೊತ್ತಿತೆಂಬುದು ಸರ್ವವಿದಿತ. ಆ ಸೇನೆಯಲ್ಲಿ ಹಿತ್ತಾಳೆಯ ಹಾಳೆಯನ್ನು ಸುತ್ತಿ ಮಾಡಿದ ಬಾಕ್ಸರ್ ತೋಟಾ ಬಳಕೆಗೆ ಬಂದುದು 1866ರಲ್ಲಿ. ಒಂದೇ ಬಿಲ್ಲೆಯಿಂದ ಎಳೆದು ಮಾಡಿದ ಕೋಶವು ಅದಕ್ಕೂ ಈಚಿನದು. ಕೋಶವೇ ಇಲ್ಲದ ಕಾಲದಲ್ಲಿ ಕೋಶದ ಬಿರುಕು ಹೇಗೆ ಸಂಭವಿಸೀತು? ಆದುದರಿಂದ ಈ ಸಂಗತಿಯನ್ನು ಆ ಶತಮಾನದ ಉತ್ತರಾರ್ಧಕ್ಕೇ ಇಳಿಸಬೇಕಾಗುತ್ತದೆ.

1921ರಲ್ಲಿ ಪ್ರಯೋಗಶಾಲೆಯು ವಿವರಿಸಿದ ಈ ಪರಿಹಾರವು ಕಂಚುಗಾರನ ಕೈಗೆ ಹೊಸದಾಗಿರಲಿಲ್ಲ. ತಗಡನ್ನು ಬಡಿದು ಬಿಂದಿಗೆಯ ಹೊಟ್ಟೆಯನ್ನು ಎಬ್ಬಿಸುವವನು ನಡುನಡುವೆ ಅದನ್ನು ಕುಲುಮೆಗೆ ಕೊಡದೆ ಮುಂದುವರಿದರೆ ತಗಡು ಸೀಳುತ್ತದೆ. ಬಡಿ, ಕಾಯಿಸು, ಮತ್ತೆ ಬಡಿ ಎಂಬ ಈ ಆವೃತ್ತಿಯೇ ಅವನ ವಿದ್ಯೆಯ ಬೀಜ. ಎಷ್ಟು ಕಾಯಿಸಬೇಕೆಂಬುದನ್ನು ಅವನು ಲೋಹದ ಬಣ್ಣದಿಂದ ತಿಳಿಯುತ್ತಾನೆ. ತೋಟಾದ ಕೊರಳನ್ನು ಕಾಯಿಸುವವನೂ ಉರಿಯೆದುರಿನಲ್ಲಿ ಬಣ್ಣವನ್ನೇ ಕಾಯುತ್ತಿರುತ್ತಾನೆ. ಮಂದವಾದ ಕೆಂಪನ್ನು ಕಾಣಲು ಅರೆಗತ್ತಲೆಯೇ ಇಬ್ಬರಿಗೂ ಅನುಕೂಲ.

ಇನ್ನು ಪದದ ಮಾತು. ಹಿಂದಿಯಲ್ಲಿ ಈ ಕ್ರಿಯೆಗೆ ‘ತಾಪಾನುಶೀತನ’ವೆಂಬ ಸಂಸ್ಕೃತಪದವು ಬಳಕೆಯಲ್ಲಿದೆ, ಕಾಯಿಸಿದ ತರುವಾಯ ತಣಿಸುವುದು ಎಂದರ್ಥ. ನಿಧಾನವಾಗಿ ತಣಿಸಬೇಕಾದ ಉಕ್ಕಿಗೂ ಗಾಜಿಗೂ ಅದು ಒಪ್ಪುತ್ತದೆ. ಹಿತ್ತಾಳೆಯಲ್ಲಿಯಾದರೋ ತಣಿಸುವುದು ಅಪ್ರಧಾನವಾದುದರಿಂದ, ಪದವು ಅರ್ಥದ ಭಾರವನ್ನು ತಪ್ಪಾದ ಕಡೆಗೆ ಇಡುತ್ತದೆ. ನಿರ್ವಾಪದ ದೋಷವೂ ಇದೇ. ಅದು ಅದ್ದುವುದನ್ನೇ ಹೇಳುತ್ತದೆ, ಕಾಯಿಸುವುದನ್ನಲ್ಲ. ಕನ್ನಡದ ‘ಹದ’ವು ಇವೆರಡಕ್ಕಿಂತಲೂ ಮೇಲು. ಪಾಲು ಹಾಲಾದಂತೆ ಹಳಗನ್ನಡದ ಪದವು ಹದವಾಗಿದೆ. ಪಿತ್ತಲವು ಹಿತ್ತಾಳೆಯಾದುದೂ ಅದೇ ದಾರಿಯಲ್ಲಿ. ಹದವೆಂದರೆ ಗಡಸೂ ಅಲ್ಲ, ಮೆದುವೂ ಅಲ್ಲ. ವಸ್ತುವು ತನ್ನ ಕೆಲಸಕ್ಕೆ ಒದಗುವ ಸ್ಥಿತಿ. ಮಳೆ ಬಿದ್ದ ನೆಲಕ್ಕೆ ಹದವುಂಟು, ಪಾಕಕ್ಕೆ ಹದವುಂಟು. ಕತ್ತಿಯ ಹದ ಗಡಸುತನ. ಬಡಿಯುವ ತಗಡಿನ ಹದ ಮೆದುತನ. ಒಂದೇ ತೋಟಾದ ಕೊರಳಿಗೆ ಒಂದು ಹದ, ಬುಡಕ್ಕೆ ಮತ್ತೊಂದು. ಭೇದವನ್ನು ತೋರಿಸಬೇಕಾದಲ್ಲಿ ‘ಗಡಸುಹದ’, ‘ಮೆದುಹದ’ ಎಂದರೆ ಸಾಕು.

ಯಲಹಂಕದ ಗೃಹಸ್ಥರಿಗೆ ಈ ಉತ್ತರವನ್ನು ಬರೆದು ಕಳುಹಿಸಿದ್ದೇನೆ. ಶಿಷ್ಯರಲ್ಲಿ ಈಗ ಅಧ್ಯಾಪಕರಾಗಿರುವವರು ಈ ಲೇಖನವನ್ನು ನೋಡಿದರೆ, ನನ್ನಿಂದ ಕೇಳಿ ಬರೆದುಕೊಂಡ ಟಿಪ್ಪಣಿಯಲ್ಲಿ ಆ ಒಂದು ವಾಕ್ಯವನ್ನು ಹೊಡೆದುಹಾಕಬೇಕೆಂದು ಕೋರುತ್ತೇನೆ. ಲೋಹದ ವಿಷಯವಾಗಿ ಶಾಸ್ತ್ರಗ್ರಂಥವನ್ನು ವ್ಯಾಖ್ಯಾನಿಸುವವರು ಒಮ್ಮೆ ಕುಲುಮೆಯ ಬಳಿಯೂ ಕುಳಿತು ಕೇಳುವುದು ಒಳ್ಳೆಯದು. ಕಂಚುಗಾರರ ಮನೆಮಾತಿನಲ್ಲಿ ಇಂತಹ ಪದಗಳು ಇನ್ನೆಷ್ಟಿವೆಯೋ. ಸುತ್ತಿಗೆ ಹಿಡಿದ ಕೈಗಳು ವಿರಳವಾಗುತ್ತಿರುವ ಈ ಕಾಲದಲ್ಲಿ ಅವುಗಳನ್ನು ಬರೆದಿಡುವ ಕೆಲಸಕ್ಕೆ ವಿಳಂಬ ಸಲ್ಲದು.