ದಾರದಲ್ಲಿ ತೂಗಿದ ಕಟ್ಟಡ: ಅಂತೋನಿ ಗೌದಿಯ ನಿರ್ಮಾಣ ವಿಧಾನ

ಸ್ಪೇನಿನ ಈಶಾನ್ಯ ಭಾಗವಾದ ಕತಲೂನ್ಯಾದಲ್ಲಿ 1852ರಲ್ಲಿ ಹುಟ್ಟಿದ ಅಂತೋನಿ ಗೌದಿಯ ತಂದೆ ತಾಮ್ರದ ಹಂಡೆ, ಭಟ್ಟಿಪಾತ್ರೆಗಳನ್ನು ಮಾಡುವ ಕಸುಬಿನವನಾಗಿದ್ದನು. ಚಪ್ಪಟೆ ತಗಡು ಸುತ್ತಿಗೆಯ ಪೆಟ್ಟಿಗೆ ಬಾಗಿ ಹೊಟ್ಟೆ ತಳೆಯುವುದನ್ನು ಬಾಲ್ಯದಲ್ಲಿಯೇ ಕಂಡಿದ್ದ ಗೌದಿ, ಆಕಾರಗಳನ್ನು ಗ್ರಹಿಸುವ ತನ್ನ ಶಕ್ತಿ ಈ ಮನೆತನದ ಕಸುಬಿನಿಂದಲೇ ಬಂದುದೆಂದು ಮುಂದೆ ಹೇಳಿಕೊಂಡದ್ದುಂಟು. 1878ರಲ್ಲಿ ಬಾರ್ಸಿಲೋನಾದ ವಾಸ್ತುಶಿಲ್ಪ ಶಾಲೆಯಿಂದ ಪದವಿ ಪಡೆದ ಅವನಿಗೆ ಬಟ್ಟೆ ಗಿರಣಿಯ ಒಡೆಯ ಎಉಸೆಬಿ ಗುಯೆಲ್ ಜೀವಮಾನದ ಪೋಷಕನಾಗಿ ದೊರೆತನು. ಒಡೆದ ಹೆಂಚುಬಿಲ್ಲೆಗಳನ್ನು ಜೋಡಿಸುವ ‘ತ್ರೆಂಕದೀಸ್’ ಕುಸುರಿಯ ಗುಯೆಲ್ ಉದ್ಯಾನ, ಅಲೆಯಂತೆ ಬಳುಕುವ ಕಲ್ಲಿನ ಮುಖದ ಮಿಲಾ ಭವನ ಮುಂತಾದವು ಅವನ ಹೆಸರನ್ನು ಹರಡಿದವು. ಆದರೆ ಅವನ ಪ್ರತಿಭೆಯ ತಿರುಳು ಇರುವುದು, ಪೂರ್ಣಗೊಳ್ಳದೆ ಉಳಿದ ಸಣ್ಣ ಚರ್ಚೊಂದರಲ್ಲಿ.

ಗುಯೆಲ್‌ನ ಗಿರಣಿ ಕಾರ್ಮಿಕರ ವಸಾಹತಿಗೆಂದು 1898ರಲ್ಲಿ ಒಪ್ಪಿಕೊಂಡ ಈ ಚರ್ಚಿಗೆ ಗೌದಿ ನಕ್ಷೆ ಬರೆಯುವ ಬದಲು ದಾರ ಕಟ್ಟಿದನು. ಎರಡು ತುದಿಗಳಲ್ಲಿ ಹಿಡಿದು ಇಳಿಬಿಟ್ಟ ಸರಪಳಿಯಲ್ಲಿ ಎಳೆತವಲ್ಲದೆ ಬೇರೆ ಬಲವಿರುವುದಿಲ್ಲ. ಅದೇ ಬಾಗನ್ನು ಬುಡಮೇಲು ಮಾಡಿ ಕಟ್ಟಿದರೆ ಕಮಾನಿನಲ್ಲಿ ಒತ್ತಡವಷ್ಟೇ ಉಳಿಯುತ್ತದೆ, ಮತ್ತು ಎಳೆತವನ್ನು ತಾಳದ ಇಟ್ಟಿಗೆ, ಕಲ್ಲುಗಳು ಒತ್ತಡವನ್ನು ಚೆನ್ನಾಗಿ ತಾಳುತ್ತವೆ. ಇಂಗ್ಲೆಂಡಿನ ರಾಬರ್ಟ್ ಹುಕ್ 17ನೆಯ ಶತಮಾನದಲ್ಲಿಯೇ ಹೇಳಿದ್ದ ಈ ತತ್ತ್ವವನ್ನು ಗೌದಿ ಇಡೀ ಕಟ್ಟಡಕ್ಕೆ ಅನ್ವಯಿಸಿ, ಹತ್ತರಲ್ಲೊಂದು ಅಳತೆಯ ದಾರದ ಜಾಲವನ್ನು ಚಾವಣಿಯಿಂದ ತೂಗುಬಿಟ್ಟು, ಪ್ರತಿ ಭಾಗವೂ ಹೊರಬೇಕಾದ ಭಾರಕ್ಕೆ ತಕ್ಕಂತೆ ಸೀಸದ ಗುಂಡುಗಳ ಪುಟ್ಟ ಚೀಲಗಳನ್ನು ಕಟ್ಟಿದನು. ಒಂದು ಚೀಲದ ತೂಕ ಬದಲಾದರೆ ಜಾಲವೆಲ್ಲ ಅಲುಗಿ ಹೊಸ ಸಮತೋಲಕ್ಕೆ ಬರುತ್ತಿತ್ತು. ಲೆಕ್ಕವನ್ನು ಗುರುತ್ವವೇ ಮಾಡಿಕೊಡುತ್ತಿತ್ತೆನ್ನಬಹುದು. ಜಾಲದ ಛಾಯಾಚಿತ್ರವನ್ನು ತಲೆಕೆಳಗಾಗಿ ಹಿಡಿದು ಅದರ ಮೇಲೆಯೇ ಬಣ್ಣದಿಂದ ಕಟ್ಟಡದ ರೂಪವನ್ನು ಬಿಡಿಸಲಾಯಿತು. ಹತ್ತು ವರ್ಷ ಈ ಪ್ರಯೋಗಕ್ಕೇ ಸಂದಿತು. 1908ರಲ್ಲಿ ಆರಂಭವಾದ ಕಟ್ಟಡ, ಗುಯೆಲ್ ಕುಟುಂಬ ಹಣ ನಿಲ್ಲಿಸಿದ್ದರಿಂದ, ಕೆಳ ಅಂತಸ್ತಿಗೇ ನಿಂತುಹೋಯಿತು. ಅಲ್ಲಿ ಓರೆಯಾಗಿ ನಿಂತ ಒರಟು ಕಲ್ಲಿನ ಕಂಬಗಳು ಬೀಳುವಂತೆ ಕಾಣುತ್ತವೆಯಾದರೂ, ಅವು ಭಾರ ಇಳಿಯುವ ದಿಕ್ಕಿಗೇ ವಾಲಿಕೊಂಡಿವೆ.

ಇಲ್ಲಿ ಕಲಿತದ್ದನ್ನು ಅವನು ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚಿಗೆ ಒಯ್ದನು. 1882ರಲ್ಲಿ ಬೇರೊಬ್ಬರು ಆರಂಭಿಸಿದ್ದ ಈ ಕೆಲಸವನ್ನು ಮರುವರ್ಷವೇ ವಹಿಸಿಕೊಂಡ ಗೌದಿ, ಕೊನೆಯ ವರ್ಷಗಳಲ್ಲಿ ಬೇರೆ ಕೆಲಸ ಹಿಡಿಯಲಿಲ್ಲ. 1926ರ ಜೂನ್ 7ರಂದು ಟ್ರಾಮ್ ಬಡಿದು ಬಿದ್ದಾಗ, ಮಾಸಿದ ಉಡುಪಿನ ಆ ಮುದುಕ ಯಾರೆಂದು ಜನರಿಗೆ ತಿಳಿಯಲಿಲ್ಲ. ಮೂರು ದಿನಗಳ ನಂತರ ಅವನು ತೀರಿಕೊಂಡಾಗ ಪೂರ್ಣಗೊಂಡಿದ್ದುದು ಒಂದೇ ಗಂಟೆಗೋಪುರ.

ಚರ್ಚಿನ ಮುಂದಿನ ಭಾಗಗಳನ್ನು ಅವನು ಬಹುಮಟ್ಟಿಗೆ ಗಾರೆಯಚ್ಚಿನ ಮಾದರಿಗಳಲ್ಲಿ ಬಿಟ್ಟುಹೋಗಿದ್ದನು. 1936ರಲ್ಲಿ ಅಂತರ್ಯುದ್ಧ ಆರಂಭವಾದಾಗ ಕಾರ್ಯಾಗಾರಕ್ಕೆ ಬೆಂಕಿ ಬಿದ್ದು ನಕ್ಷೆಗಳು ಸುಟ್ಟವು, ಮಾದರಿಗಳು ಚೂರಾದವು. ಆದರೆ ಗೌದಿ ಆ ಮಾದರಿಗಳ ಬಾಗುಗಳನ್ನು ಮನಬಂದಂತೆ ತಿದ್ದಿರಲಿಲ್ಲ. ನೇರ ಗೆರೆಯೊಂದನ್ನು ನಿಯಮಬದ್ಧವಾಗಿ ಸರಿಸುತ್ತ ಹೋದಾಗ ಮೂಡುವ ಜ್ಯಾಮಿತೀಯ ಮೇಲ್ಮೈಗಳನ್ನೇ ಬಳಸಿದ್ದನು. ಆದುದರಿಂದ ಉತ್ತರಾಧಿಕಾರಿಗಳು ಚೂರುಗಳನ್ನು ಹೆಕ್ಕಿ, ಉಳಿದ ತುಣುಕಿನ ಬಾಗನ್ನು ಅಳೆದು, ಇಲ್ಲವಾದ ಭಾಗವನ್ನು ಕಂಡುಕೊಳ್ಳಲು ಸಾಧ್ಯವಾಯಿತು.