ಸೋಂಕು

ರೋಗವಾಚಕವಾಗುವ ಮುನ್ನ 'ಸೋಂಕು' ಎಂಬುದು ತಾಗುವಿಕೆಯನ್ನಷ್ಟೇ ಹೇಳುತ್ತಿದ್ದಿತು. ತಂಗಾಳಿ ಮೈಗೆ ಸೋಂಕುವುದೂ, ವಚನಕಾರರು ಲಿಂಗದ ಸೋಂಕನ್ನು ಪಾವನವೆಂದು ಭಾವಿಸಿದುದೂ ಈ ಅರ್ಥದಲ್ಲಿಯೇ. ಕಾಲಕ್ರಮದಲ್ಲಿ ತಗುಲುವ ಬೇನೆಗೆ ಆ ಹೆಸರು ನಿಂತಿತು.

ಮೈಮುಟ್ಟದೆಯೂ ಸೋಂಕುವ ವ್ಯಾಧಿ ಇನ್‌ಫ್ಲುಯೆಂಜಾ; ಗ್ರಹತಾರೆಗಳ ಪ್ರಭಾವದಿಂದ ಬರುವುದೆಂಬ ನಂಬಿಕೆಯಿಂದ ಇಟಲಿಯವರು ಇಟ್ಟ ಹೆಸರದು. ಕೆಮ್ಮಿದಾಗ ಹೊರಡುವ ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲವನ್ನು ಸೇರುತ್ತವೆಯಾದರೂ, ಮಾತಿನಲ್ಲಿ, ಬರಿಯ ಉಸಿರಿನಲ್ಲಿಯೂ ಹೊರಬೀಳುವ ಸೂಕ್ಷ್ಮ ಕಣಗಳು ನೀರಾರಿ ಹಗುರಾಗಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲಬಲ್ಲವು. ಸುಮಾರು 100 ನ್ಯಾನೋಮೀಟರ್ ವ್ಯಾಸದ ವೈರಾಣುವಿಗೆ ಅಷ್ಟು ಆಶ್ರಯ ಧಾರಾಳವಾಯಿತು.

2009ರ ಆಗಸ್ಟಿನಲ್ಲಿ ಎಚ್1ಎನ್1 ಜ್ವರದಿಂದ ದೇಶದ ಮೊದಲ ಸಾವು ಪುಣೆಯಲ್ಲಿ ಸಂಭವಿಸಿ, ಶಾಲೆಗಳು ಮುಚ್ಚಿ, ಜನ ಮುಖವಸ್ತ್ರ ಕಟ್ಟಿದಾಗ, ಆ ನಗರದಲ್ಲಿಯೇ ಗಂಟಲುದ್ರವವನ್ನು ಪರೀಕ್ಷಿಸುವ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಇದ್ದಿತು. 1952ರಲ್ಲಿ ಆರಂಭವಾದ ಈ ಸಂಸ್ಥೆಯೇ 1957ರಲ್ಲಿ ಶಿವಮೊಗ್ಗೆಯ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಾಣುವನ್ನು ಗುರುತಿಸಿದುದು. ಕನ್ನಡಿಗರು ಆ ಋಣವನ್ನು ಮರೆಯಲಾಗದು. ಉಣುಗು ಕಚ್ಚಿ ಬರುವ ಆ ಬೇನೆಗೂ, ಉಸಿರಿನಲ್ಲಿ ಬರುವ ಈ ಜ್ವರಕ್ಕೂ ನಮ್ಮಲ್ಲಿ ಸಲ್ಲುವುದು ಸೋಂಕೆಂಬ ಒಂದೇ ಮಾತು.

'ಗಾಳಿಸೋಂಕು' ಎಂದು ಸಮಾಸ ಮಾಡಲು ಮನಸ್ಸಾದೀತು. ಹಳ್ಳಿಗಳಲ್ಲಿ ಆ ಮಾತು ದೆವ್ವದ ಬಾಧೆಗೆ ರೂಢವಾಗಿರುವುದರಿಂದ, 'ಗಾಳಿಯ ಮೂಲಕ ಹರಡುವ ಸೋಂಕು' ಎಂದು ಬಿಡಿಸಿ ಹೇಳುವುದೇ ಲೇಸೆಂದು ನನ್ನ ಅಭಿಪ್ರಾಯ.